ಮಂಗಳೂರಲ್ಲಿ ಸೈಕಲ್ ದಾರಿ ದೊಡ್ಡ ರಸ್ತೆಯ ಅಂಚಿನಲ್ಲೇ ಬೇಕಾ?

ಉರ್ವದಕ್ಕ:
ಹನ್ನೊಂದು ವರ್ಷದಿಂದ ಉರ್ವ ಮಾರ್ಕೆಟ್‌ನಿಂದ ರಥಬೀದಿಗೆ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ. ಅಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು.

ಸೈಕಲ್ ದಾರಿ ಅಂದ ಕೂಡಲೇ ದೊಡ್ಡ ರಸ್ತೆಯ ಎಡ ಅಂಚಿಗೆ ಬಣ್ಣ ಬಳಿಯುವ ಮಾತೇ ಬರುತ್ತದೆ. ನಮ್ಮೂರಲ್ಲಿ ಆ ಅಂಚೇ ಅಪಾಯದ ಜಾಗ. ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ನಡುವೆ ಎತ್ತರ ಮಾಡಿ ಬದಿಗೆ ತಗ್ಗಿಸಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆನೀರು, ಗುಡ್ಡೆಯಿಂದ ಕೊಚ್ಚಿ ಬಂದ ಕೆಂಪು ಮಣ್ಣು, ಜಲ್ಲಿ ಎಲ್ಲ ಅಲ್ಲೇ ಸೇರುತ್ತವೆ. ಹೋದ ಮಳೆಗಾಲದಲ್ಲಿ ಚರಂಡಿ ಮೇಲಿನ ಕಬ್ಬಿಣದ ಜಾಲರಿಯಲ್ಲಿ ನನ್ನ ಮುಂದಿನ ಚಕ್ರ ಸಿಕ್ಕಿಕೊಂಡಿತು. ಕಂಬಿಗಳು ರಸ್ತೆಯ ಉದ್ದಕ್ಕೇ ಇದ್ದವು, ಸಂದು ಟಯರು ಇಳಿಯುವಷ್ಟು ಅಗಲ. ಮೇಲೆ ಕೆಸರು ನೀರು, ಏನೂ ಕಾಣಲಿಲ್ಲ. ಮೊಣಕೈಗೆ ನಾಲ್ಕು ಹೊಲಿಗೆ ಬಿತ್ತು. ಕಂಬಿ ಅಡ್ಡಕ್ಕಿದ್ದರೆ ಚಕ್ರ ಇಳಿಯುತ್ತಲೇ ಇರಲಿಲ್ಲ.

ನಮ್ಮ ಲಾಲ್‌ಬಾಗ್, ಪಿವಿಎಸ್ ಸರ್ಕಲ್ ಕಡೆಯ ದೊಡ್ಡ ರಸ್ತೆ ಆಮೇಲೆ ನೋಡಿಕೊಳ್ಳೋಣ. ಮಣ್ಣಗುಡ್ಡೆ, ಅಳಕೆ ಮೇಲಿಂದ ಹೋಗುವಂಥ ಒಳದಾರಿಗಳನ್ನು ಮೊದಲು ಸರಿ ಮಾಡಬೇಕು ಅಲ್ವಾ? ನೀವು ಯಾವ ದಾರಿಯಲ್ಲಿ ಹೋಗುತ್ತೀರಿ?

ಕಂಕನಾಡಿ ಸವಾರ:
ಒಳದಾರಿ ಎಲ್ಲರಿಗೂ ಸಿಗುವುದಿಲ್ಲ ಅಕ್ಕ. ನಾನು ಹಂಪನಕಟ್ಟೆಗೆ ಹೋಗಲೇಬೇಕು. ನನಗೆ ಜಾಲರಿಗಿಂತ ಬಸ್‌ಸ್ಟಾಪಿನದ್ದೇ ಜಾಸ್ತಿ ಹೆದರಿಕೆ. ಸಿಟಿ ಬಸ್ಸು ಸೀದಾ ಎಡಕ್ಕೆ ಬರುತ್ತದೆ, ನಾನು ಬಸ್ಸಿಗೂ ಫುಟ್‌ಪಾತಿನ ಕಟ್ಟೆಗೂ ನಡುವೆ. ಸ್ಟಾಪ್ ಇರುವಲ್ಲಿ ಸೈಕಲ್ ದಾರಿ ತಂಗುದಾಣದ ಹಿಂದಿನಿಂದ ಸುತ್ತಿ ಹೋಗಬೇಕು. ಜಾಗ ಇಲ್ಲದ ಕಡೆ ಸುಮ್ನೆ ಗೆರೆ ಎಳೆಯುವುದು ಬೇಡ.

ಮೈಸೂರಿಂದ ಬಂದವನು:
ಮೈಸೂರಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾಯಿತು. ಅಲ್ಲಿ ಚಾಮುಂಡಿ ಬೆಟ್ಟ ಬಿಟ್ಟರೆ ಇಷ್ಟು ಏರು ಇಲ್ಲ ಮಾರಾಯ್ರೆ. ಇಲ್ಲಿ ಹಂಪನಕಟ್ಟೆಯಿಂದ ಜ್ಯೋತಿ ಸರ್ಕಲ್ ಕಡೆಗೆ ಏರು ಹತ್ತುವಾಗ ನಾನು ನಡೆಯುವ ವೇಗದಲ್ಲಿರುತ್ತೇನೆ, ಹಿಂದಿನಿಂದ ಹಾರ್ನ್. ಇಳಿಯುವಾಗ ರಿಕ್ಷಾದ ಜೊತೆಗೇ ಬರುತ್ತೇನೆ. ರಸ್ತೆ ಕಿರಿದಾಗಿದ್ದರೆ ಏರುವ ಬದಿಗೆ ಮಾತ್ರ ಸೈಕಲ್ ದಾರಿ ಕೊಟ್ಟರೂ ಸಾಕು.

ಉರ್ವದಕ್ಕ:
ಏರುವ ಬದಿಗೆ ಮಾತ್ರ! ನನಗಿದು ಹೊಳೆದೇ ಇರಲಿಲ್ಲ. ನನ್ನ ದಾರಿಯಲ್ಲಿ ಅಂಥ ಏರಿಲ್ಲ, ಅದಕ್ಕೇ ಇರಬೇಕು. ಕಂಕನಾಡಿಯವರೇ, ನೀವು ಹೇಳಿದ್ದೂ ಸರಿ, ಎಲ್ಲರನ್ನೂ ಒಳದಾರಿಗೆ ಕಳಿಸಲು ಆಗುವುದಿಲ್ಲ.

ಇವತ್ತು ಸಂಜೆ ಮನೆಗೆ ಬರುವಾಗ ನಿಧಾನ ಮಾಡಿ ಎಣಿಸಿದೆ. ಉದ್ದ ಕಂಬಿಯ ಜಾಲರಿಗಳು ಒಂಬತ್ತು ಇವೆ. ಒಂದೊಂದರ ಮೇಲೂ ನನ್ನ ಚಪ್ಪಲಿ ಇಟ್ಟು ಫೋಟೋ ತೆಗೆದಿದ್ದೇನೆ, ಸಂದಿನ ಅಗಲ ಗೊತ್ತಾಗಲಿ ಅಂತ. ಮಹಾನಗರ ಪಾಲಿಕೆ ಕಚೇರಿಗೆ ಸೋಮವಾರ ಕೊಡುತ್ತೇನೆ. ನಿಮ್ಮ ದಾರಿಯದ್ದೂ ಎಣಿಸಿ ಹಾಕುತ್ತೀರಾ? ಭಾನುವಾರದೊಳಗೆ ಸಿಕ್ಕಿದರೆ ಒಟ್ಟಿಗೇ ಕೊಡಬಹುದು.