ಗುಂಡಿನ ಸದ್ದಿಗೂ ಮುಂಚಿನ ಕಾಫಿ

ಪುಟ್ಟಾ, ನಿನ್ನೆ ರಾತ್ರಿ ‘ಹೀಟ್’ ನೋಡಿ ಮುಗಿಸಿ ನೀನು ಗುಂಪಿನಲ್ಲಿ ಬರೆದದ್ದನ್ನು ಈಗ ಓದಿದೆ. ಬ್ಯಾಂಕ್ ದರೋಡೆಯ ಭಾಗ ಬಿಟ್ಟರೆ ಉಳಿದದ್ದೆಲ್ಲ ಬರೀ ಮಾತು, ಇದನ್ನು ಆಕ್ಷನ್ ಚಿತ್ರ ಎನ್ನುತ್ತಾರೆಯೇ ಎಂದು ಕೇಳಿದ್ದೀಯ. ಬೆರಳಲ್ಲಿ ಒತ್ತಿ ಬರೆದರೆ ಮುಗಿಯುವ ವಿಷಯವಲ್ಲ, ಅದಕ್ಕೇ ಹೇಳಿಯೇ ಬಿಡುತ್ತೇನೆ. ಪೂರ್ತಿ ಕೇಳು.

ನನಗೆ ಆ ಮಾತೇ ಚಿತ್ರದ ಜೀವ. ಅಲ್ ಪಚಿನೊ, ರಾಬರ್ಟ್ ಡಿ ನಿರೊ ಇಬ್ಬರೂ 1974ರಲ್ಲಿ ‘ಗಾಡ್‌ಫಾದರ್’ ಎರಡನೇ ಭಾಗದಲ್ಲಿದ್ದರು, ಆದರೆ ಒಂದೇ ದೃಶ್ಯದಲ್ಲಿ ಎದುರಾಗಿರಲಿಲ್ಲ. ಎದುರುಬದುರು ಕುಳಿತದ್ದು 1995ರ ಈ ಚಿತ್ರದಲ್ಲಿ, ಆ ಕಾಫಿ ಮೇಜಿನ ಮುಂದೆ. ನಿರ್ದೇಶಕ ಮೈಕೆಲ್ ಮ್ಯಾನ್ ಇಬ್ಬರ ಮೇಲೂ ಒಂದೊಂದು ಕ್ಯಾಮೆರಾ ಇಟ್ಟು ಏಕಕಾಲಕ್ಕೆ ಚಿತ್ರಿಸಿದರು. ಹಾಗಾಗಿ ಒಬ್ಬನ ಮಾತಿನ ಪೆಟ್ಟು ಇನ್ನೊಬ್ಬನ ಮುಖದಲ್ಲಿ ಆಗಿಂದಾಗಲೇ ಕಾಣುತ್ತದೆ. ಪಚಿನೊ ಆಡಿದ ಪೊಲೀಸ್ ಅಧಿಕಾರಿ ತನ್ನನ್ನು ಕಾಡುವ ಕನಸನ್ನು ಹೇಳಿಕೊಳ್ಳುತ್ತಾನೆ, ಡಿ ನಿರೊ ಆಡಿದ ಕಳ್ಳನೂ ತನ್ನದನ್ನು ಹೇಳುತ್ತಾನೆ. ಅದನ್ನು ಕೇಳಿಸಿಕೊಂಡ ಮೇಲೆ ಬೀದಿಯಲ್ಲಿ ಗುಂಡು ಹಾರಿದಾಗ ಯಾರು ಉಳಿಯಲಿ ಎಂದು ಬೇಡಿಕೊಳ್ಳಬೇಕೋ ನನಗಂತೂ ತಿಳಿಯಲಿಲ್ಲ.

ಆ ಗುಂಡಿನ ಸದ್ದನ್ನು ಗಮನಿಸಿದೆಯಾ? ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡು. ದರೋಡೆಯುದ್ದಕ್ಕೂ ಇದ್ದ ಸಂಗೀತ ಮೊದಲ ಗುಂಡಿನೊಂದಿಗೆ ನಿಂತುಹೋಗುತ್ತದೆ. ಲಾಸ್ ಏಂಜಲೀಸ್‌ನ ಎತ್ತರದ ಕಟ್ಟಡಗಳ ನಡುವೆ, ಚಿತ್ರೀಕರಣದ ಹೊತ್ತಿನಲ್ಲೇ ದಾಖಲಾದ ಸದ್ದನ್ನೇ ಉಳಿಸಿಕೊಂಡಿದ್ದಾರೆ. ಒಂದೊಂದು ಗುಂಡೂ ಗೋಡೆಯಿಂದ ಗೋಡೆಗೆ ಬಡಿದು ಮೊಳಗುತ್ತದೆ. ಕಳ್ಳರ ಗುಂಪಿನ ಒಬ್ಬನಾಗಿ ನಟಿಸಿದ ವಾಲ್ ಕಿಲ್ಮರ್ ಬಂದೂಕಿನ ಖಾಲಿಯಾದ ಮ್ಯಾಗಜಿನ್ ಕಳಚಿ ಹೊಸದನ್ನು ತುರುಕುವ ಆ ಕ್ಷಣವನ್ನು ನಾನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದ್ದೇನೆ.

ಕುಂದಿಲ್ಲ ಎನ್ನುತ್ತಿಲ್ಲ. ಕಳ್ಳರ ಗುಂಪಿಗೆ ಸೇರಿದ ವೇನ್‌ಗ್ರೋ ಎಂಬವನು ಮೊದಲ ದರೋಡೆಯಲ್ಲೇ ಬೇಡದ ಕೊಲೆ ಮಾಡಿ ಎಲ್ಲರನ್ನೂ ಸಿಕ್ಕಿಸುತ್ತಾನೆ, ಕಥೆಗೆ ಅಷ್ಟೇ ಸಾಕಿತ್ತು. ಅವನನ್ನು ಸರಣಿ ಹಂತಕನನ್ನಾಗಿಯೂ ಮಾಡಿ ಆ ಎಳೆಯನ್ನು ನಡುವಿನಲ್ಲೇ ಕೈಬಿಟ್ಟಿದ್ದಾರೆ. ಅದಕ್ಕಿಂತ ನನಗೆ ನೋವಾಗಿದ್ದು ಡಿ ನಿರೊನ ಪ್ರೇಯಸಿ ಈಡಿಯ ಪಾತ್ರ. ಮೊನ್ನೆ ಮೊನ್ನೆ ಪರಿಚಯವಾದವನು ದರೋಡೆಕೋರನೆಂದು ತಿಳಿದ ಮೇಲೂ ಅವನ ಹಿಂದೆ ಹೊರಡುತ್ತಾಳಲ್ಲ, ಅವಳ ಮನಸ್ಸಿನಲ್ಲಿ ಏನು ನಡೆಯಿತು? 2 ಗಂಟೆ 50 ನಿಮಿಷದ ಚಿತ್ರದಲ್ಲಿ ಅದಕ್ಕೆ ಐದು ನಿಮಿಷ ಸಿಗಲಿಲ್ಲವೇ! ಸಿಟ್ಟೇ ಬರುತ್ತದೆ, ಏಕೆಂದರೆ ಹೆಣ್ಣಿನ ಮನಸ್ಸನ್ನು ತೋರಿಸುವುದು ಈ ನಿರ್ದೇಶಕರಿಗೆ ಗೊತ್ತು. ಕಿಲ್ಮರ್‌ನ ಹೆಂಡತಿ ಶಾರ್ಲೀನ್ ಬಾಲ್ಕನಿಯಲ್ಲಿ ನಿಂತಿರುವುದನ್ನು ನೆನಪಿಸಿಕೊ. ಒಳಗೆ ಪೊಲೀಸರು ಕಾದಿದ್ದಾರೆ, ಕೆಳಗೆ ಗಂಡ ಕಾರಿನಿಂದ ಇಳಿದು ನಗುತ್ತಾನೆ. ಅವಳು ಕೈಯನ್ನು ಸ್ವಲ್ಪವೇ ಆಡಿಸುತ್ತಾಳೆ. ಅವನ ನಗು ಆರಿಹೋಗುತ್ತದೆ, ತಿರುಗಿ ಕಾರು ಹತ್ತುತ್ತಾನೆ. ಒಂದು ಮಾತಿಲ್ಲ. ಅಂಥದ್ದೊಂದು ಗಳಿಗೆ ಈಡಿಗೂ ಸಿಗಬೇಕಿತ್ತು.

ಅಕ್ಕಾ, ಮನೆಮಂದಿಯೆಲ್ಲ ಕುಳಿತು ನೋಡಬಹುದೇ ಎಂದು ನೀನು ಕೇಳಿದ್ದೆ. ಅಧಿಕಾರಿಯ ಮಲಮಗಳು ಸ್ನಾನದ ತೊಟ್ಟಿಯಲ್ಲಿ ರಕ್ತದ ಮಡುವಿನಲ್ಲಿ ಸಿಗುವ ದೃಶ್ಯವಿದೆ. ಚಿಕ್ಕವಳು ಮಲಗಿದ ಮೇಲೆ ಹಾಕು.