ಬೈಕ್ ಬ್ಯಾಗಿಗೆ ಹಿಡಿಸುವ ಮಡಚೋ ಡ್ರೋನ್: ಕಟ್ಟಿದವರು ಅನುಭವ ಹೇಳಿ

ಸಾಗರದ ವಿಡಿಯೋದವ:
ಎಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ ಕಡೆ ಮದುವೆ, ಹೋಂಸ್ಟೇ ವಿಡಿಯೋ ಮಾಡುತ್ತೇನೆ. ಈಗಿರುವುದು ನಾನೇ ಜೋಡಿಸಿದ 450 ಸೈಜಿನ (ಮೂಲೆಯಿಂದ ಮೂಲೆಗೆ ಮೋಟಾರ್‌ಗಳ ನಡುವೆ 450 ಎಂಎಂ) ಡ್ರೋನ್. ಆರ್ಮ್, ಅಂದರೆ ಮೋಟಾರ್ ಹೊರುವ ಕೈ, ಮಡಚೋದಿಲ್ಲ. ಬೈಕ್ ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗಬೇಕು. ಹೋದ ತಿಂಗಳು ನಿಟ್ಟೂರು ರಸ್ತೆಯ ಒಂದು ಗುಂಡಿಗೆ ಆರ್ಮ್ ಬಿರುಕು ಬಿಟ್ಟು, ಮದುವೆಮನೆಗೆ ಹೋಗಿ ಇವತ್ತು ಡ್ರೋನ್ ಇಲ್ಲ ಅಂತ ಹೇಳಬೇಕಾಯಿತು. ಹೊಸದನ್ನು ನಾನೇ ಡಿಸೈನ್ ಮಾಡಬೇಕು ಅಂತಿದ್ದೇನೆ. 10 ಇಂಚಿನ ಪ್ರಾಪ್ (ತಿರುಗುವ ರೆಕ್ಕೆ) ಇರಬೇಕು, ಕ್ಯಾಮೆರಾ ಮತ್ತು ಅದನ್ನು ಅಲುಗದ ಹಾಗೆ ಹಿಡಿಯುವ ಗಿಂಬಲ್ ಸೇರಿ 250 ಗ್ರಾಂ ಹೊರಬೇಕು, 20 ನಿಮಿಷ ಹಾರಬೇಕು. ಕ್ಯಾಮೆರಾ ಬಿಟ್ಟು 50 ಸಾವಿರ ಇದೆ. ಆರ್ಮ್ ಪಕ್ಕಕ್ಕೆ ಮಡಚಲಾ, ಕೆಳಕ್ಕೆ ಮಡಚಲಾ? ಕೀಲು ಅಲ್ಯೂಮಿನಿಯಮ್ಮಾ, 3ಡಿ ಪ್ರಿಂಟ್ ಮಾಡಿದ್ದಾ?

ಮಾಚೇನಹಳ್ಳಿ ಲೇತ್:
ಬರೀ ಕೀಲಿಗೆ ನನಗೆ ಎಂಟು ತಿಂಗಳು ಹಿಡಿಯಿತು, ಅದಕ್ಕೆ ಪೂರ್ತಿ ಬರೆಯುತ್ತೇನೆ. ನನ್ನದು 16 ಎಂಎಂ ಕಾರ್ಬನ್ ಪೈಪು, ಪಕ್ಕಕ್ಕೆ ಮಡಚುತ್ತದೆ. ಮೊದಲ ಸೆಟ್ ಹೊರಗೆ ಮಾಡಿಸಿದೆ, 3,200 ಕೊಟ್ಟೆ. ಪಿನ್ ಕೂರುವ ಬುಷ್ 20 ಎಂಎಂ ಎತ್ತರ, ಅದರೊಳಗೆ ಪಿನ್ನಿಗೆ 0.2 ಎಂಎಂ ಪ್ಲೇ, ಅಂದರೆ ಸಡಿಲ. ಕಣ್ಣಿಗೆ ಕಾಣೋದಿಲ್ಲ. ಆದರೆ ಆರ್ಮ್ 180 ಎಂಎಂ ಉದ್ದ, ಹಾಗಾಗಿ ಮೋಟಾರ್ ಹತ್ತಿರ ಅದೇ ಪ್ಲೇ ಒಂಬತ್ತು ಪಟ್ಟಾಗಿ 2 ಎಂಎಂ ಹತ್ತಿರ ಬರುತ್ತದೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಹಾರಿಸಿದರೆ ವಿಡಿಯೋ ಪೂರ್ತಿ ಜೆಲ್ಲೋ, ಅಡಿಕೆ ಮರಗಳೆಲ್ಲ ನೀರೊಳಗೆ ನಿಂತ ಹಾಗೆ ಬಳುಕುತ್ತಿದ್ದವು. ಲಾಗ್‌ನಲ್ಲಿ, ಅಂದರೆ ಡ್ರೋನ್ ಬರೆದಿಡುವ ಹಾರಾಟದ ದಾಖಲೆಯಲ್ಲಿ, ವೈಬ್ರೇಷನ್ 45 ದಾಟಿತ್ತು. ಡ್ರೋನ್ ನಡೆಸುವ ಆರ್ಡುಪೈಲಟ್ ಸಾಫ್ಟ್‌ವೇರ್‌ನಲ್ಲಿ ಅದು 30ರ ಒಳಗಿರಬೇಕು.

ಎರಡನೇ ಸೆಟ್ 4,100. ಪಿನ್ ಬಿಗಿ ಮಾಡಿಸಿದೆ. ಅರವತ್ತು ಎಪ್ಪತ್ತು ಸಲ ಮಡಚುವಷ್ಟರಲ್ಲಿ ಸ್ಟೀಲ್ ಪಿನ್ನು ಅಲ್ಯೂಮಿನಿಯಂ ತೂತನ್ನು ತಿಂದು ಮತ್ತೆ ಅದೇ ಟಕ್ ಟಕ್. ಮೂರನೆಯದನ್ನು ನಮ್ಮ ಲೇತ್‌ನಲ್ಲೇ ಮಾಡಿದೆ, ಸಾಮಾನಿಗೇ 2,600 ಆಯಿತು. ಒಟ್ಟು 9,900 ರೂಪಾಯಿ ಬರೀ ಕೀಲಿಗೆ. ಆಗ ಗೊತ್ತಾಗಿದ್ದು ಇಷ್ಟು: ಪಿನ್ ಇರೋದು ತಿರುಗೋದಕ್ಕೆ ಮಾತ್ರ, ಬಿಗಿ ಹಿಡಿಯೋದು ಬೇರೆ ಭಾಗದ ಕೆಲಸ. ಆರ್ಮಿನ ತುದಿಯನ್ನು ಬೆಣೆಯ ಹಾಗೆ ಓರೆ ಮಾಡಿ, ಬಿಚ್ಚಿದಾಗ ಅದು ವಿ ಆಕಾರದ ಕಚ್ಚಿನಲ್ಲಿ ಕೂರಬೇಕು, ಟ್ರಂಕಿಗೆ ಇರುತ್ತಲ್ಲ ಅಂಥ ಎಳೆಯುವ ಕ್ಲಿಪ್ಪು ಅದನ್ನು ಒಳಗೆ ಎಳೆದು ಹಿಡಿಯಬೇಕು. ಸವೆದರೂ ಕ್ಲಿಪ್ಪು ಇನ್ನಷ್ಟು ಒಳಗೆ ಎಳೆಯುತ್ತದೆ, ಪ್ಲೇ ಬರೋದಿಲ್ಲ. ಈಗ ವೈಬ್ರೇಷನ್ 14. ಪ್ರಿಂಟ್ ಮಾಡಿದ ಕೀಲನ್ನು ಮಾತ್ರ ನಂಬಬೇಡಿ.

ಕೋಣಂದೂರು ತೋಟ:
ಪೈಪಿಗೆ ದುಡ್ಡು ಸುರಿಯಬೇಡಿ ಮಾರಾಯ್ರೆ. ಮಲೆನಾಡಲ್ಲಿ ಈಗ ಊರಿಗೊಂದು ಮುರಿದ ಕಾರ್ಬನ್ ದೋಟಿ (ಅಡಿಕೆ ಕೊನೆ ಕೊಯ್ಯುವ ಉದ್ದ ಕೋಲು) ಸಿಗುತ್ತದೆ. ನಮ್ಮನೆ ದೋಟಿ ಕೊನೆ ಕೊಯ್ಯುವಾಗ ಮಧ್ಯದಲ್ಲಿ ಮುರಿದಿತ್ತು, ಅದರದೇ ತುಂಡು ಕತ್ತರಿಸಿ ನಾಲ್ಕು ಆರ್ಮ್ ಮಾಡಿದೆ. ಪೈಪಿನ ಖರ್ಚು ಸೊನ್ನೆ. ಹ್ಯಾಕ್ಸಾ ಬ್ಲೇಡ್ ಮೂರು ಹೋದವು, 90 ರೂಪಾಯಿ. ಒಂದು ಎಚ್ಚರಿಕೆ ಇದೆ. ಕಾರ್ಬನ್ನಲ್ಲಿ ಕರೆಂಟ್ ಹರಿಯುತ್ತದೆ. ಪೈಪಿನ ಕತ್ತರಿಸಿದ ಅಂಚು ಮೋಟಾರ್ ವೈರಿನ ಮೇಲಿನ ರಬ್ಬರನ್ನು ಕೊರೆದು ಎರಡು ಇಎಸ್‌ಸಿ (ಮೋಟಾರ್ ವೇಗ ನೋಡಿಕೊಳ್ಳುವ ಬೋರ್ಡ್) ಸುಟ್ಟವು, 1,900 ಹೋಯಿತು. ಈಗ ಅಂಚನ್ನು ನುಣ್ಣಗೆ ಉಜ್ಜಿ, ಫೆವಿಕ್ವಿಕ್ ಸವರಿ, ವೈರಿಗೆ ಸ್ಲೀವ್ ಹಾಕುತ್ತೇನೆ. ಮಡಚುವ ಕಡೆ ವೈರನ್ನು ಒಂದು ಇಂಚು ಸಡಿಲ ಬಿಡಿ. ಇಲ್ಲಾಂದ್ರೆ ಒಳಗಿನ ತಂತಿ ಎಳೆ ಎಳೆಯಾಗಿ ಕಡಿದು ಒಂದು ದಿನ ಗಾಳಿಯಲ್ಲೇ ಮೋಟಾರ್ ನಿಲ್ಲುತ್ತದೆ. ಆದರೂ ನಂದು ಯಾವಾಗಲೂ ಸ್ವಲ್ಪ ಒಂದು ಕಡೆ ತಿರುಗಲು ಎಳೆಯುತ್ತದೆ, ಅದೊಂದು ಬಗೆಹರಿದಿಲ್ಲ.

ಮಾಚೇನಹಳ್ಳಿ ಲೇತ್:
ದೋಟಿ ತುಂಡಿಗೆ ಒಂದು ತುದಿ ಸಣ್ಣ ಒಂದು ತುದಿ ದಪ್ಪ ಇದ್ದರೆ ಕ್ಲಾಂಪ್ ಎಲ್ಲಿ ಹಿಡಿಯುತ್ತದೆ? ಒಂದು ಅಂಚಲ್ಲಿ ಮಾತ್ರ. ಮದುವೆಮನೆ ಜನರ ತಲೆ ಮೇಲೆ ಹಾರಿಸುವ ವಸ್ತು ಇದು. ಮುರಿದ ದೋಟಿಯಲ್ಲಿ ಬಿರುಕು ಎಲ್ಲಿವರೆಗೆ ಹೋಗಿದೆ ಅಂತ ನೋಡಿದವರು ಯಾರು? ಇಂಥ ಸಲಹೆ ಕೊಡಬೇಡಿ.

ಕೋಣಂದೂರು ತೋಟ:
ಮುರಿದ ಜಾಗದಿಂದ ಎರಡಡಿ ಬಿಟ್ಟು ಕತ್ತರಿಸಿದ್ದೇನೆ ಸಾರ್. ನೀವು 9,900 ಕೀಲಿಗೆ ಹಾಕಿದಿರಿ ಅಂತ ಎಲ್ಲರೂ ಹಾಕೋಕಾಗಲ್ಲ. ಎರಡು ಮಳೆಗಾಲ ಕಂಡಿದೆ ನನ್ನದು. ಕೊಳೆ ರೋಗ ಎಷ್ಟು ದೂರ ಹಬ್ಬಿದೆ ಅಂತ ಮೇಲಿಂದ ನೋಡಿ ಆಮೇಲೆ ಬೋರ್ಡೋ ಔಷಧಿ ಹೊಡೆಸುವವನು ನಾನು.

ಗೋಪಾಳ ಪ್ರಿಂಟರ್:
ತೋಟದ ಅಣ್ಣಾ, ಎಳೆಯೋದು ಯಾಕೆ ಅಂತ ಲಾಗ್ ನೋಡಿದರೆ ಗೊತ್ತಾಗುತ್ತದೆ. ಸುಮ್ನೆ ಹೋವರ್ ಮಾಡಿ, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಿ, ನಾಲ್ಕೂ ಮೋಟಾರ್ ಔಟ್‌ಪುಟ್ ನೋಡಿ. 1, 2ನೇ ಮೋಟಾರಿನ ಔಟ್‌ಪುಟ್ ಜಾಸ್ತಿ ಇದ್ದು 3, 4ನೆಯದರದ್ದು ಕಡಿಮೆ ಇದ್ದರೆ ಯಾವುದೋ ಆರ್ಮ್ ಕ್ಲಾಂಪಿನೊಳಗೆ ತಿರುಚಿ ಮೋಟಾರ್ ಓರೆಯಾಗಿದೆ ಅಂತ ಅರ್ಥ. ಗುಂಡು ಪೈಪಿಗೆ ಇದು ಆಗಿಯೇ ಆಗುತ್ತದೆ. ಕ್ಲಾಂಪಿಂದ ಪೈಪಿಗೆ ಅಡ್ಡ ಒಂದು 2 ಎಂಎಂ ಪಿನ್ ಹಾಕಿ, ನಿಲ್ಲುತ್ತದೆ.

ಲೇತ್ ಸಾರ್, ಪ್ರಿಂಟ್ ನಂಬಬೇಡಿ ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ನಾನೂ ಮೊದಲು ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಹಾಕಿದ್ದೆ. ಅದು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ಕಾರೊಳಗೆ ಎರಡು ಗಂಟೆ ಇಟ್ಟು ಬಂದರೆ ನಾಲ್ಕೂ ಕೀಲು ಬಾಗಿತ್ತು. ಆಮೇಲೆ ನೈಲಾನ್, ಒಂದು ರೋಲ್ 4,800. ಜುಲೈನಲ್ಲಿ ಅದು ಗಾಳಿಯ ತೇವ ಕುಡಿದು ಮೆತ್ತಗಾಯಿತು, ಪ್ರಿಂಟ್ ಮಾಡುವಾಗಲೂ ನಳಿಕೆಯಲ್ಲಿ ಚಟಪಟ ಅನ್ನುತ್ತಿತ್ತು. ಕೊನೆಗೆ ಎಎಸ್‌ಎ ಅನ್ನುವ ಪ್ಲಾಸ್ಟಿಕ್, ಒಳಗೆ ಹಿತ್ತಾಳೆ ಬುಷ್. ಮತ್ತೆ ನನ್ನ ಆರ್ಮ್ ಕೆಳಕ್ಕೆ ಮಡಚುತ್ತದೆ, ಪಕ್ಕಕ್ಕಲ್ಲ. ಪ್ರಾಪ್ ಆರ್ಮನ್ನು ಮೇಲಕ್ಕೆ ಎತ್ತುತ್ತದೆ ಅಲ್ವಾ? ಮೇಲೆ ಒಂದು ಗಟ್ಟಿ ತಡೆ ಕೊಟ್ಟರೆ ಹಾರುವಷ್ಟು ಹೊತ್ತೂ ಆರ್ಮ್ ತಾನಾಗೇ ಅದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಪ್ಲೇ ಇದ್ದರೂ ಒಂದೇ ಕಡೆ ಕೂತಿರುತ್ತದೆ, ಟಕ್ ಟಕ್ ಅನ್ನೋಕೆ ಜಾಗವೇ ಇಲ್ಲ. ಲಾಕ್ ಬೇಕಿರೋದು ನೆಲದ ಮೇಲೆ ಮೋಟಾರ್ ಭಾರ ಹೊರೋದಕ್ಕೆ ಮಾತ್ರ. ನನ್ನದು ಕ್ಯಾಮೆರಾ ಸೇರಿ 1,180 ಗ್ರಾಂ. ನಿಮ್ಮದು ಎಷ್ಟು?

ಮಾಚೇನಹಳ್ಳಿ ಲೇತ್:
1,540. ಭಾರ ಇದ್ದರೆ ಗಾಳಿಗೆ ಅಲುಗೋದಿಲ್ಲ. ಕೆಳಕ್ಕೆ ಮಡಚಿದರೆ ಆರ್ಮ್ ಹೋಗಿ ಗಿಂಬಲ್‌ಗೆ ತಾಗುತ್ತದೆ, ಗಿಂಬಲ್ ಕಳಚಿಡಬೇಕು. ಅದನ್ನು ಮಡಚೋ ಡ್ರೋನ್ ಅನ್ನೋದಾ?

ಗೋಪಾಳ ಪ್ರಿಂಟರ್:
2016ರಲ್ಲಿ ಬಂದ ಡಿಜೆಐ ಕಂಪನಿಯ ಮ್ಯಾವಿಕ್ ಪ್ರೋ ಡ್ರೋನ್ ನೋಡಿ. ಮುಂದಿನ ಎರಡು ಆರ್ಮ್ ಪಕ್ಕಕ್ಕೆ, ಹಿಂದಿನ ಎರಡು ಕೆಳಕ್ಕೆ. ಗಿಂಬಲ್ ಮುಂದಿದೆ, ಏನೂ ತಾಗೋದಿಲ್ಲ. ಮುಕ್ಕಾಲು ಕಿಲೋ ಒಳಗೆ ಮುಗಿಸಿದ್ದಾರೆ. ನಾನೂ ಹಾಗೇ ಗಿಂಬಲ್ಲನ್ನು ಮುಂದಕ್ಕೆ ತಂದು, ತೂಕ ಸರಿದೂಗಿಸಲು ಬ್ಯಾಟರಿಯನ್ನು 35 ಎಂಎಂ ಹಿಂದಕ್ಕೆ ತಳ್ಳಿದೆ. ಸಾರ್, ತಪ್ಪು ತಿಳಿಯಬೇಡಿ, ಲೋಹ ಒಂದೇ ಗಟ್ಟಿ ಅನ್ನೋದು ಸರಿಯಲ್ಲ.

ಹೊಳೆಬಾಗಿಲು:
ನೀವೆಲ್ಲ ಗಟ್ಟಿ ಮೆತ್ತಗೆ ಅಂತಿದ್ದೀರಿ. ನಾನು ಲಾಕ್ ವಿಷಯ ಹೇಳುತ್ತೇನೆ, ನನ್ನದು ಹಿನ್ನೀರಿನ ತಳದಲ್ಲಿದೆ. ಪಕ್ಕಕ್ಕೆ ಮಡಚುವ ಆರ್ಮ್. ಬೆಳಿಗ್ಗೆ ಆರೂವರೆ, ಮಂಜು ಏಳುವ ಮೊದಲು ಶಾಟ್ ಬೇಕಿತ್ತು, ಅವಸರದಲ್ಲಿ ಬಿಚ್ಚಿದೆ. ಎಡ ಹಿಂದಿನ ಕ್ಲಿಪ್ಪು ಮುಚ್ಚಿದ ಹಾಗೆ ಕಂಡಿತು, ಆದರೆ ಕೂತಿರಲಿಲ್ಲ. ಮೇಲೇರಿತು, ಮುಂದೆ ಹೋಯಿತು, ಎಲ್ಲ ಸರಿ ಇತ್ತು. ಜೋರಾಗಿ ಬ್ರೇಕ್ ಹಾಕಿದ ಕೂಡಲೇ ಆ ಆರ್ಮ್ ಮಡಚಿಕೊಂಡು ಒಂದು ಪ್ರಾಪ್ ಇನ್ನೊಂದಕ್ಕೆ ಹೊಡೆಯಿತು. ನೀರಿಗೆ ಬಿದ್ದ ಸದ್ದು ದಡಕ್ಕೆ ಕೇಳಿಸಿತು. ಕ್ಯಾಮೆರಾ 31,500, ಗಿಂಬಲ್ 9,800, ಫ್ಲೈಟ್ ಕಂಟ್ರೋಲರ್ ಮತ್ತು ಜಿಪಿಎಸ್ 14,200, ಮೋಟಾರ್ 6,600, ಇಎಸ್‌ಸಿ 3,800, ಫ್ರೇಮ್ 7,400, ಬ್ಯಾಟರಿ 4,300, ರಿಸೀವರ್ ಮತ್ತು ವಿಡಿಯೋ ಟ್ರಾನ್ಸ್‌ಮಿಟರ್ 5,800. ಒಟ್ಟು 83,400. ಹೆಂಡತಿಗೆ ಇನ್ನೂ ಪೂರ್ತಿ ಮೊತ್ತ ಹೇಳಿಲ್ಲ.

ಈಗ ಕಟ್ಟುತ್ತಿರುವುದರಲ್ಲಿ ಪ್ರತಿ ಲಾಕಿಗೂ ಒಂದು ಮೈಕ್ರೋಸ್ವಿಚ್ ಇದೆ. ನಾಲ್ಕೂ ಒತ್ತಿರದಿದ್ದರೆ ಮೋಟಾರ್ ಶುರುವೇ ಆಗೋದಿಲ್ಲ. ಸ್ವಿಚ್ಚಿಗೆ ತಲಾ 15 ರೂಪಾಯಿ.

ತೀರ್ಥಹಳ್ಳಿ ಪೈಲಟ್:
ಒಬ್ಬರೂ ಕಾನೂನಿನ ಮಾತು ಎತ್ತಲಿಲ್ಲ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ಮೈಕ್ರೋ ಹಾರಿಸಿ ದುಡ್ಡು ತಗೊಂಡರೆ ಪೈಲಟ್ ಸರ್ಟಿಫಿಕೇಟ್ ಬೇಕು. ಮನೆಯಲ್ಲಿ ಕಟ್ಟಿದ್ದಕ್ಕೆ ಟೈಪ್ ಸರ್ಟಿಫಿಕೇಟ್ (ಡ್ರೋನಿನ ಮಾದರಿಗೆ ಕೊಡುವ ಒಪ್ಪಿಗೆ ಪತ್ರ) ವಿನಾಯಿತಿ ಇರುವುದು ಕಲಿಕೆ, ಸಂಶೋಧನೆ, ಪರೀಕ್ಷೆ, ಹವ್ಯಾಸಕ್ಕೆ. ಮದುವೆ ಆರ್ಡರ್ ಅದರಲ್ಲಿ ಬರೋದಿಲ್ಲ. ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣ ಶುರುವಾದ ಮೇಲೆ ಅದರ ಅಂಚಿನಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ ಮೇಲೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ. 8 ಕಿ.ಮೀ. ಒಳಗಂತೂ ನೆಲದಿಂದಲೇ ಅನುಮತಿ ಬೇಕು. ನಾನು ತರಬೇತಿಗೆ 52 ಸಾವಿರ ಕೊಟ್ಟು, ಊಟ ರೂಮು ಬೇರೆ ಹಾಕಿ ಸರ್ಟಿಫಿಕೇಟ್ ತಗೊಂಡೆ. ಏನೂ ಇಲ್ಲದವರು ಅರ್ಧ ರೇಟಿಗೆ ಮದುವೆ ಒಪ್ಪಿಕೊಂಡು ಹೋಗುತ್ತಾರೆ. ಹೊಟ್ಟೆ ಉರಿಯುತ್ತದೆ.

ಕೋಣಂದೂರು ತೋಟ:
ಹೊರಗಿನ ಡ್ರೋನ್ ತರಿಸೋದನ್ನು 2022ರ ಫೆಬ್ರವರಿಯಲ್ಲಿ ನಿಲ್ಲಿಸಿದರು, ಬಿಡಿ ಭಾಗ ತರಿಸಬಹುದು ಅಂದರು. ಅಂದರೆ ಇಲ್ಲೇ ಕಟ್ಟಲಿ ಅಂತ ತಾನೆ? ಕಟ್ಟುವವರ ಮೇಲೆ ಯಾಕೆ ಸಿಟ್ಟು?

ತೀರ್ಥಹಳ್ಳಿ ಪೈಲಟ್:
ಕಟ್ಟಿ, ಬೇಡ ಅನ್ನೋದಿಲ್ಲ. ನಿಮ್ಮ ತೋಟದ ಮೇಲೆ ಹಾರಿಸಿಕೊಳ್ಳಿ. ಮುರಿದ ದೋಟಿ ಆರ್ಮ್ ಹಾಕಿ ಇನ್ನೂರು ಜನರ ಚಪ್ಪರದ ಮೇಲೆ ಬೇಡ. ಯಾರಿಗಾದರೂ ಪ್ರಾಪ್ ತಾಗಿದರೆ ನಾಳೆ ಎಲ್ಲರ ಕೆಲಸವೂ ನಿಲ್ಲುತ್ತದೆ.

ಕೋಣಂದೂರು ತೋಟ:
ದೋಟಿ ದೋಟಿ ಅಂತ ಎಲ್ಲರೂ ಹಿಡಿದುಕೊಂಡಿರಿ. ಅದರ ಬಲ ಗೊತ್ತಿಲ್ಲದವರು ಮಾತಾಡಬೇಡಿ. ಐವತ್ತು ಅಡಿ ಮೇಲಿನ ಅಡಿಕೆ ಕೊನೆಯ ಭಾರ ತಡೆಯುವ ಪೈಪು ಅದು.

ಹೊಳೆಬಾಗಿಲು:
ಅಣ್ಣಾ ಸಿಟ್ಟಾಗಬೇಡಿ. ದೋಟಿಯನ್ನು ಕರೆಂಟ್ ಲೈನ್ ಹತ್ತಿರ ಮಾತ್ರ ಎತ್ತಬೇಡಿ, ನಮ್ಮ ಕಡೆ ಒಬ್ಬರು ಹಾಗೇ ಹೋದರು. ನೀವೇ ಹೇಳಿದಿರಲ್ಲ, ಕಾರ್ಬನ್ನಲ್ಲಿ ಕರೆಂಟ್ ಹರಿಯುತ್ತದೆ ಅಂತ.

ಸಾಗರದ ವಿಡಿಯೋದವ:
ಎಲ್ಲರಿಗೂ ಥ್ಯಾಂಕ್ಸ್. ಮುಂದಿನದು ಪಕ್ಕಕ್ಕೆ, ಹಿಂದಿನದು ಕೆಳಕ್ಕೆ ಅಂತ ಚಿತ್ರ ಹಾಕಿದ್ದೇನೆ, ಮೈಕ್ರೋಸ್ವಿಚ್ ಖಂಡಿತ ಹಾಕುತ್ತೇನೆ. ಪೈಲಟ್ ಸಾರ್ ಹೇಳಿದ್ದು ನನಗೆ ತಾಗಿತು. ಇದನ್ನು ಹವ್ಯಾಸಕ್ಕೆ ಕಟ್ಟಿ, ಆರ್ಡರಿಗೆ ದಾರಿ ಏನು ಅಂತ ಬೇರೆ ನೋಡುತ್ತೇನೆ. ಬ್ಯಾಟರಿ ಒಂದು ಉಳಿಯಿತು. ಚಪ್ಪಟೆ ಲಿಪೋ ಪ್ಯಾಕಾ, ಉರುಟು 21700 ಸೆಲ್ಲಾ?

ಮಾಚೇನಹಳ್ಳಿ ಲೇತ್:
ನಾನು 21700 ಎಂಟು ಸೆಲ್, 4ಎಸ್2ಪಿ (ನಾಲ್ಕು ಸೆಲ್ಲಿನ ಎರಡು ಸಾಲು) ಹಾಕಿದ್ದೇನೆ. 560 ಗ್ರಾಂ, 8.4 ಆಂಪಿಯರ್ ಅವರ್, ಹೋವರ್‌ಗೆ 12 ಆಂಪಿಯರ್. ಶೇ. 80 ಬಳಸಿದರೆ ಲೆಕ್ಕಕ್ಕೆ 33 ನಿಮಿಷ, ಗಾಳಿಯಲ್ಲಿ ಓಡಾಡಿಸಿದಾಗ ಸಿಕ್ಕಿದ್ದು 27. ನಿಮಗೆ ಸಾಕು.

ತೋಟದವರೇ, ನನ್ನ ಮಾತು ಸ್ವಲ್ಪ ಜಾಸ್ತಿ ಆಯಿತು. ಶನಿವಾರ ಶಿವಮೊಗ್ಗ ಕಡೆ ಬಂದರೆ ಆ ದೋಟಿಯ ಒಂದಡಿ ತುಂಡು ತನ್ನಿ. ಲೇತ್‌ಗೆ ಕಟ್ಟಿ ಡಯಲ್ ಗೇಜ್ ಇಟ್ಟು ಎಷ್ಟು ಓರೆ ಇದೆ ನೋಡೋಣ. ಅದಕ್ಕೆ ಸರಿಯಾಗಿ ಒಳಗೆ ಓರೆ ಇರುವ ಕ್ಲಾಂಪ್ ತಿರುಗಿಸಿ ಕೊಡುತ್ತೇನೆ, ಅಡ್ಡ ಪಿನ್ ಸಮೇತ.

ಕೋಣಂದೂರು ತೋಟ:
ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಎರಡು ತುಂಡು ತರುತ್ತೇನೆ, ಒಂದು ಮುರಿದ ಜಾಗದ್ದು. ಬಿರುಕು ಎಲ್ಲಿವರೆಗೆ ಹೋಗಿದೆ ಅಂತ ನೀವೇ ನೋಡಿ.