ಪ್ರಶ್ನೋತ್ತರ: ಟ್ಯಾಲಿಯಲ್ಲಿ ಗಿರಾಕಿಗೊಂದು ರೇಟು ಹಾಕೋದು ಹೇಗೆ?

ಅಡ್ಮಿನ್: ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್‌ನಲ್ಲಿ ಬೇರೆ ಬೇರೆ ರೇಟು ಹಾಕೋ ಬಗ್ಗೆ ಇವತ್ತು ಈ ವ್ಯಾಪಾರಿಗಳ ಗುಂಪಿನಲ್ಲಿ ನಮ್ಮ ಟ್ಯಾಕ್ಸ್ ಕನ್ಸಲ್ಟೆಂಟ್ ಮೇಡಂ ಉತ್ತರ ಕೊಡ್ತಾರೆ. ದಯವಿಟ್ಟು ಗುಡ್ ಈವ್ನಿಂಗ್ ಚಿತ್ರ ಹಾಕಬೇಡಿ.

ಶಿರಾ ಗೇಟ್ ಪೇಂಟ್ ಅಂಗಡಿ: ನಮಸ್ಕಾರ ಮೇಡಂ. ಹೋಲ್‌ಸೇಲಿಗೆ ಒಂದು ರೇಟು, ಕೌಂಟರಿಗೆ ಒಂದು, ಕಂಟ್ರಾಕ್ಟರಿಗೆ ಇನ್ನೊಂದು. ಪ್ರತಿ ಬಿಲ್ಲಿಗೂ ಕೈಯಲ್ಲೇ ಹೊಡೀತಿದೀವಿ, ಹುಡುಗ ಅದಲು ಬದಲು ಮಾಡ್ತಾನೆ.

ಮೇಡಂ: ನಮಸ್ಕಾರ. ಎಫ್11 ಒತ್ತಿ, ‘ಶೋ ಮೋರ್ ಫೀಚರ್ಸ್’ ಯೆಸ್ ಮಾಡಿ, ಮಲ್ಟಿಪಲ್ ಪ್ರೈಸ್ ಲೆವೆಲ್ಸ್, ಅಂದ್ರೆ ಬೇರೆ ಬೇರೆ ರೇಟಿನ ದರ್ಜೆ, ಯೆಸ್ ಮಾಡಿ. ಹೆಸರು ಕೇಳುತ್ತೆ, ಮೂರೂ ಬರೆಯಿರಿ. ಆಮೇಲೆ ಆಲ್ಟರ್‌ಗೆ ಹೋಗಿ ಪ್ರೈಸ್ ಅಂತ ಟೈಪ್ ಮಾಡಿ, ಸ್ಟಾಕ್ ಗ್ರೂಪ್ ಪ್ರಕಾರದ ಪಟ್ಟಿ ತೆರೆಯಿರಿ. ಗ್ರೂಪ್, ಲೆವೆಲ್, ‘ಅಪ್ಲಿಕಬಲ್ ಫ್ರಂ’ ತಾರೀಕು ಕೊಟ್ಟು ರೇಟು ತುಂಬಿ. ಕೊನೆಗೆ ಪಾರ್ಟಿ ಲೆಡ್ಜರಿನಲ್ಲಿ, ಅಂದ್ರೆ ಗಿರಾಕಿಯ ಖಾತೆಯಲ್ಲಿ, ಅವರ ಲೆವೆಲ್ ಹಾಕಿ. ಪಾರ್ಟಿ ಹೆಸರು ಹೊಡೆದ ಕೂಡಲೇ ಆ ರೇಟೇ ಬರುತ್ತೆ. ಕೌಂಟರ್ ಬಿಲ್ಲಿಗೆ ವೋಚರಿನಲ್ಲೇ (ಬಿಲ್ ಹೊಡೆಯೋ ಎಂಟ್ರಿ) ಲೆವೆಲ್ ಆರಿಸಿ.

ಗುಬ್ಬಿ ಪೈಪ್ ಅಂಗಡಿ: ಇದೆಲ್ಲಾ ಮಾಡಿದೀನಿ ಮೇಡಂ. 80 ಪೈಪಿಗೆ ರೇಟು ಬರುತ್ತೆ, 100ಕ್ಕೆ ಬರಲ್ಲ.

ಮೇಡಂ: ಕೊನೆಯ ಸಾಲಿನ ‘ಲೆಸ್ ದ್ಯಾನ್’ನಲ್ಲಿ 100 ಹಾಕಿದೀರಿ. ಹಾಗಂದ್ರೆ 99ರವರೆಗೆ ಮಾತ್ರ. ಕೊನೆಯ ಸಾಲು ಖಾಲಿ ಬಿಡಿ.

ಕುಣಿಗಲ್ ಎಲೆಕ್ಟ್ರಿಕಲ್ಸ್: ನಮ್ಮ ಟ್ಯಾಲಿಲಿ ಪ್ರೈಸ್ ಲೆವೆಲ್ ಕಾಣ್ತಾನೇ ಇಲ್ಲ ಮೇಡಂ.

ಮೇಡಂ: ಎಫ್11. ಮೇಲೆ ಬರೆದಿದೀನಿ.

ಮಂಡಿಪೇಟೆ ಸದಸ್ಯ: ಫಾರ್ವರ್ಡೆಡ್: “ಸುಲಭ ಉಪಾಯ!! ಒಂದೇ ಮಾಲಿಗೆ ಎರಡು ಐಟಂ ಮಾಡಿ. ಸಿಮೆಂಟ್-ಆರ್ (ರಿಟೇಲ್), ಸಿಮೆಂಟ್-ಡಬ್ಲ್ಯು (ಹೋಲ್‌ಸೇಲ್). ರೇಟು ತಾನಾಗೇ ಬೇರೆಯಾಗುತ್ತೆ. ಎಲ್ಲ ವ್ಯಾಪಾರಿಗಳಿಗೂ ಕಳಿಸಿ.”

ಅಂತರಸನಹಳ್ಳಿ ಸಿಮೆಂಟ್ ಡೀಲರ್: ಮೇಡಂ, ನಾವು ಏಪ್ರಿಲ್‌ನಿಂದ ಹೀಗೇ ಮಾಡಿದೀವಿ. ಈಗ ಡಬ್ಲ್ಯು ಐಟಂ ಮೈನಸ್ 480 ಚೀಲ ತೋರಿಸ್ತಿದೆ. ಗೋಡೌನ್‌ನಲ್ಲಿ ಇರೋದು 60.

ಮೇಡಂ: ಈ ಫಾರ್ವರ್ಡ್ ಇನ್ನೊಂದು ಸಲ ಈ ಗುಂಪಿಗೆ ಬಂದ್ರೆ ನಾನು ಹೊರಗೆ. ಡೀಲರ್ ಸರ್, ನಿಮ್ಮದು ಗಂಭೀರ, ನಿಧಾನವಾಗಿ ಓದಿ.

ಖರೀದಿ ಪೂರ್ತಿ ಆರ್ ಹೆಸರಲ್ಲಿ ಬಿದ್ದಿದೆ ಅಲ್ವಾ? 1,000 ಚೀಲ ಬಂದು ಚಿಲ್ಲರೆ 460 ಹೋಗಿದ್ರೆ ಆರ್‌ನಲ್ಲಿ 540 ಉಳಿದ ಹಾಗೆ ಕಾಣುತ್ತೆ. ಡಬ್ಲ್ಯುಗೆ ಖರೀದಿಯೇ ಇಲ್ಲ, ಸ್ಟ್ಯಾಂಡರ್ಡ್ ಕಾಸ್ಟೂ (ನೀವೇ ಮೊದಲೇ ತುಂಬೋ ಕೊಂಡ ಬೆಲೆ) ಹಾಕಿರಲ್ಲ, ಹಾಗಾಗಿ ಆ ಮೈನಸ್ಸಿಗೆ ಟ್ಯಾಲಿಗೆ ಬೆಲೆ ಸಿಗಲ್ಲ. ಚೀಲಕ್ಕೆ 320 ರೂಪಾಯಿ ಕೊಂಡ ಬೆಲೆ ಅಂತ ಇಟ್ಕೊಳ್ಳಿ. ಆರ್‌ನ 540 ಚೀಲಕ್ಕೆ ಕ್ಲೋಸಿಂಗ್ ಸ್ಟಾಕ್ 1,72,800 ತೋರಿಸುತ್ತೆ, ನಿಜವಾಗಿ ಇರೋದು 60 ಚೀಲ, 19,200. ಮಿಕ್ಕ 1,53,600 ಇಲ್ಲದ ಲಾಭ. ಅದರ ಮೇಲೆ ಇನ್‌ಕಂ ಟ್ಯಾಕ್ಸ್ ಲೆಕ್ಕ ಹಾಕ್ತೀರಿ, ಅದೇ ಸ್ಟಾಕ್ ಸ್ಟೇಟ್‌ಮೆಂಟ್ ಬ್ಯಾಂಕಿನ ಓಡಿಗೂ (ಓವರ್‌ಡ್ರಾಫ್ಟ್ ಸಾಲ) ಹೋಗುತ್ತೆ.

ಮೊದಲು ಬ್ಯಾಕಪ್ ತೆಗೀರಿ. ಚೀಲ ಎಣಿಸಿ. ಜಿಎಸ್‌ಟಿ ರಿಟರ್ನ್ ಫೈಲ್ ಆದ ತಿಂಗಳ ಬಿಲ್ಲುಗಳನ್ನ ಮುಟ್ಟಬೇಡಿ, ಸರ್ಕಾರಿ ಪೋರ್ಟಲ್‌ನಲ್ಲಿ ಇ-ಇನ್‌ವಾಯ್ಸ್ ಆಗಿರೋದನ್ನಂತೂ ಬೇಡವೇ ಬೇಡ. ಆಲ್ಟ್+ಎಫ್7ನಲ್ಲಿ ಸ್ಟಾಕ್ ಜರ್ನಲ್ (ಒಂದು ಐಟಂನಿಂದ ಇನ್ನೊಂದಕ್ಕೆ ಮಾಲು ವರ್ಗಾಯಿಸೋ ಎಂಟ್ರಿ) ತೆರೆದು ಸೋರ್ಸ್ ಕಡೆ ಆರ್, ಡೆಸ್ಟಿನೇಷನ್ ಕಡೆ ಡಬ್ಲ್ಯು ಹಾಕಿ. ಒಂದೇ ಸಲಕ್ಕೆ 480 ಬೇಡ. ಯಾವ ತಿಂಗಳು ಡಬ್ಲ್ಯುನಲ್ಲಿ ಎಷ್ಟು ಹೋಗಿದೆಯೋ ಅಷ್ಟನ್ನ ಆ ತಿಂಗಳ ಕೊನೆಯ ತಾರೀಕಿಗೆ, ಆರ್‌ನ ಸರಾಸರಿ ಕೊಂಡ ಬೆಲೆಯಲ್ಲೇ ಹಾಕಿ. ಮಾರಿದ ರೇಟು ಹಾಕಿದ್ರೆ ಮತ್ತೆ ಲಾಭ ಊದಿಕೊಳ್ಳುತ್ತೆ. ಡಬ್ಲ್ಯು ಸೊನ್ನೆಯಾದ ಮೇಲೆ ಅದರಲ್ಲಿ ಬಿಲ್ ಹೊಡೆಯೋದು ನಿಲ್ಲಿಸಿ. ಡಿಲೀಟ್ ಮಾಡೋಕೆ ಹೋಗಬೇಡಿ, ಎಂಟ್ರಿ ಇರೋ ಐಟಂ ಡಿಲೀಟ್ ಆಗಲ್ಲ. ಮುಂದಕ್ಕೆ ಆರ್ ಒಂದೇ ಐಟಂ, ಎರಡು ಪ್ರೈಸ್ ಲೆವೆಲ್.

ಮಂಡಿಪೇಟೆ ಸದಸ್ಯ: ನಾನು ಬರೀ ಫಾರ್ವರ್ಡ್ ಮಾಡಿದ್ದು.

ತಿಪಟೂರು ಅಕೌಂಟೆಂಟ್: ಅದೇ ತಪ್ಪು ಗುರುವೇ.

ಮಂಡಿಪೇಟೆ ಸದಸ್ಯ: ನಮಗೆ ಅರವತ್ತು ಪಾರ್ಟಿ, ಅರವತ್ತು ರೇಟು. ಟ್ಯಾಲಿಲಿ ಆಗುತ್ತಾ? ವ್ಯಾಪಾರ್ ಅನ್ನೋ ಬಿಲ್ಲಿಂಗ್ ಆ್ಯಪ್‌ನಲ್ಲಿ ಪಾರ್ಟಿಗೊಂದು ರೇಟು ಹಾಕಬಹುದು.

ತಿಪಟೂರು ಅಕೌಂಟೆಂಟ್: ಅರವತ್ತು ರೇಟು ಇಟ್ಕೊಂಡಿರೋನು ವ್ಯಾಪಾರ ಮಾಡ್ತಿಲ್ಲ, ಚೌಕಾಸಿ ಮಾಡ್ತಿದಾನೆ. ನಾಲ್ಕು ಲೆವೆಲ್ ಮಾಡಿ, ಮಿಕ್ಕಿದ್ದು ಡಿಸ್ಕೌಂಟ್ ಕಾಲಂ.

ಮಂಡಿಪೇಟೆ ಸದಸ್ಯ: ಅಂಗಡಿ ನಡೆಸಿ ನೋಡಿ ಸಾರ್, ಆಮೇಲೆ ಹೇಳಿ.

ಮೇಡಂ: ಡಿಸ್ಕೌಂಟ್ ಅಂದಿದ್ದಕ್ಕೆ: ಇಳಿಸಿದ ರೇಟನ್ನೇ ಪಟ್ಟಿಗೆ ಹಾಕಿ, ಪಕ್ಕದಲ್ಲಿ ಮತ್ತೆ ಶೇ 5 ಹಾಕಿದ್ರೆ ಎರಡು ಸಲ ಕಡಿತ. ಇದನ್ನ ಮಾಡದ ಅಂಗಡಿ ಅಪರೂಪ.

ವಸಂತನರಸಾಪುರ ಸಿಎನ್‌ಸಿ ಶಾಪ್: ಮೇಡಂ, ನಮ್ಮದು ಕಂಪ್ಯೂಟರ್ ನಡೆಸೋ ಮೆಷಿನ್, ಗಂಟೆ ಲೆಕ್ಕ. ಒಂದು ಕಂಪನಿಗೆ ಗಂಟೆಗೆ 450, ಇನ್ನೊಂದಕ್ಕೆ 520. ಮಾಲೇ ಇಲ್ಲ, ಪ್ರೈಸ್ ಲೆವೆಲ್ ಹೇಗೆ?

ಮೇಡಂ: ‘ಸಿಎನ್‌ಸಿ ಗಂಟೆ’ ಅಂತ ಸ್ಟಾಕ್ ಐಟಂ ಮಾಡಿ. ಯೂನಿಟ್ ಗಂಟೆ, ಎರಡು ದಶಮಾಂಶ ಕೊಡಿ, ಅರ್ಧ ಗಂಟೆ 0.50. ಟೈಪ್ ಆಫ್ ಸಪ್ಲೈ ‘ಸರ್ವಿಸಸ್’, ಅದರ ಎಸ್‌ಎಸಿ ಕೋಡ್ (ಜಿಎಸ್‌ಟಿಯಲ್ಲಿ ಸೇವೆಯ ಸಂಖ್ಯೆ) ಹಾಕಿ. ಐಟಂನ ಎಫ್12ರಲ್ಲಿ ‘ಟ್ರೀಟ್ ಆಲ್ ಸೇಲ್ಸ್ ಆ್ಯಸ್ ನ್ಯೂ ಮ್ಯಾನುಫ್ಯಾಕ್ಚರ್’ ಯೆಸ್ ಮಾಡಿ, ಇಲ್ಲದಿದ್ರೆ ನಿಮ್ಮ ಗಂಟೆಗಳೂ ಮೈನಸ್ ಸ್ಟಾಕ್ ಆಗುತ್ತವೆ. ಬಿಲ್ ‘ಐಟಂ ಇನ್‌ವಾಯ್ಸ್’ ಮೋಡ್‌ನಲ್ಲಿರಲಿ, ಕಂಟ್ರೋಲ್+ಎಚ್. ಅಕೌಂಟಿಂಗ್ ಇನ್‌ವಾಯ್ಸ್ ಮೋಡ್‌ನಲ್ಲಿ ಲೆವೆಲ್ ಕೆಲಸ ಮಾಡಲ್ಲ.

ಪಾವಗಡ ಸದಸ್ಯ: ಹೋಲ್‌ಸೇಲಿಗೆ ಜಿಎಸ್‌ಟಿ ಕಮ್ಮಿ, ರಿಟೇಲಿಗೆ ಜಾಸ್ತಿ ಅಂತ ಒಂದು ವಿಡಿಯೊ ಬಂದಿದೆ. ಹಾಕ್ಲಾ?

ಮೇಡಂ: ಹಾಕಬೇಡಿ. ತೆರಿಗೆ ದರ ಮಾಲಿನ ಎಚ್‌ಎಸ್‌ಎನ್ (ಮಾಲಿನ ವರ್ಗದ ಕೋಡ್) ನೋಡುತ್ತೆ, ಕೊಳ್ಳೋರ ಮುಖ ನೋಡಲ್ಲ. ಸಿಮೆಂಟಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18, ಯಾರಿಗೆ ಕೊಟ್ಟರೂ.

ಕುಣಿಗಲ್ ಎಲೆಕ್ಟ್ರಿಕಲ್ಸ್: ಒಬ್ಬರಿಗೆ ಕಮ್ಮಿ ರೇಟು ಕೊಟ್ರೆ ಡಿಪಾರ್ಟ್‌ಮೆಂಟ್ ಕೇಳಲ್ವಾ?

ಮೇಡಂ: ಸಂಬಂಧ ಇಲ್ಲದ ಗಿರಾಕಿ, ನಿಜವಾದ ಬೆಲೆ ಆಗಿದ್ರೆ ಬಿಲ್ಲಿನ ಬೆಲೆಯೇ ಲೆಕ್ಕ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 15. ಕೊಳ್ಳೋದು ಸ್ವಂತ ಮನೆಯವರ ಫರ್ಮ್ ಆದ್ರೆ ಜಿಎಸ್‌ಟಿ ನಿಯಮಗಳ ರೂಲ್ 28 ನೋಡಬೇಕು. ಅವರಿಗೆ ಪೂರ್ತಿ ಐಟಿಸಿ (ಖರೀದಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್) ಸಿಗೋ ಹಾಗಿದ್ರೆ ಅಲ್ಲೂ ಬಿಲ್ಲಿನ ಬೆಲೆ ಒಪ್ತಾರೆ. ಪ್ಯಾಕ್ ಮಾಡಿದ ಮಾಲನ್ನ ಚಿಲ್ಲರೆ ಗಿರಾಕಿಗೆ ಎಂಆರ್‌ಪಿ ಮೀರಿ ಕೊಡೋ ಹಾಗಿಲ್ಲ, ಅಷ್ಟೆ.

ಚಿಕ್ಕನಾಯಕನಹಳ್ಳಿ ಸದಸ್ಯ: ಬಿಲ್ ಕನ್ನಡದಲ್ಲಿ ಪ್ರಿಂಟ್ ಬರುತ್ತಾ ಮೇಡಂ?

ಶಿರಾ ಗೇಟ್ ಪೇಂಟ್ ಅಂಗಡಿ: ರೇಟು ಏರಿದಾಗ ಹಳೇ ಪಟ್ಟಿ ಅಳಿಸಬೇಕಾ?

ಮೇಡಂ: ಅಳಿಸಬೇಡಿ. ಹೊಸ ತಾರೀಕು ಕೊಟ್ಟು ಹೊಸ ರೇಟು ಹಾಕಿ. ಹಳೇ ತಾರೀಕಿನ ಬಿಲ್ ಹೊಡೆದ್ರೆ ಹಳೇ ರೇಟೇ ಬರುತ್ತೆ.

ಮಂಡಿಪೇಟೆ ಸದಸ್ಯ: ಮೇಡಂ, ಪಾರ್ಟಿವೈಸ್ ರೇಟಿಗೆ ಫ್ರೀ ಟಿಡಿಎಲ್ ಫೈಲ್ (ಟ್ಯಾಲಿಗೆ ಸೇರಿಸೋ ಪ್ರೋಗ್ರಾಂ) ಬಂದಿದೆ, ಟೆಲಿಗ್ರಾಂದು. ಇಲ್ಲೇ ಹಾಕ್ತೀನಿ.

ತಿಪಟೂರು ಅಕೌಂಟೆಂಟ್: ಇವರನ್ನ ತೆಗೀರಿ ಅಡ್ಮಿನ್.

ಮಂಡಿಪೇಟೆ ಸದಸ್ಯ: ನಿಮ್ಮಪ್ಪನ ಗುಂಪಾ?

ಮೇಡಂ: ಯಾರು ಬರೆದರೋ ಗೊತ್ತಿಲ್ಲದ ಟಿಡಿಎಲ್ ನಿಮ್ಮ ವೋಚರನ್ನೇ ಬದಲಾಯಿಸಬಲ್ಲದು. ಯಾರೂ ಲೋಡ್ ಮಾಡಬೇಡಿ. ಡೀಲರ್ ಸರ್, ಏಪ್ರಿಲ್‌ಗೆ ಮುಂಚಿನದೂ ಇದೇ ತರಹ ಇದೆಯಾ? ಆಡಿಟ್ ಆಗಿರೋ ವರ್ಷವಾದ್ರೆ ಹಿಂದಕ್ಕೆ ಹೋಗಬೇಡಿ, ಏಪ್ರಿಲ್ 1ರ ಜರ್ನಲ್ ಹಾಕಿ, ನಿಮ್ಮ ಆಡಿಟರಿಗೆ ಬರೆದು ತಿಳಿಸಿ.

ಅಂತರಸನಹಳ್ಳಿ ಸಿಮೆಂಟ್ ಡೀಲರ್: ಇಲ್ಲ ಮೇಡಂ, ಈ ವರ್ಷದ್ದೇ.

ಗುಬ್ಬಿ ಸ್ಟೇಷನರಿ: ಪ್ರೈಸ್ ಲೆವೆಲ್ ಎಲ್ಲಿದೆ ಮೇಡಂ?

ಮೇಡಂ: ಎಫ್11. 11ನೇ ತಾರೀಕಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಇದೆ, ನಾನು ಹೊರಟೆ.